ದುರ್ಗದ ಹಾಡು, ದಾವಣಗೆರೆಯ ಮದುವೆ ಫೋಟೋ: ಎರಡು ಮನೆಗಳ ನಡುವಿನ ಒಂದು ಬ್ಯಾಕಪ್

ಚಿತ್ರದುರ್ಗದ ದೊಡ್ಡಪೇಟೆಯಲ್ಲಿ ಅಣ್ಣನ ಮನೆ, ದಾವಣಗೆರೆಯ ವಿದ್ಯಾನಗರದಲ್ಲಿ ತಂಗಿಯ ಮನೆ. ನಡುವೆ ರಾಷ್ಟ್ರೀಯ ಹೆದ್ದಾರಿ 48ರ ಸುಮಾರು 60 ಕಿಲೋಮೀಟರ್. ಅಣ್ಣ ನಿವೃತ್ತ ಕನ್ನಡ ಮೇಷ್ಟ್ರು. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆಯ ಗೊಲ್ಲರಹಟ್ಟಿಗಳಲ್ಲಿ ಕೂತು ಗೊಲ್ಲರು ಹಾಡುವ ತಮ್ಮ ವೀರರಾದ ಜುಂಜಪ್ಪನ ಕಥೆ, ಎತ್ತಪ್ಪನ ಕಥೆ, ಸೋಬಾನೆ, ಗಣೆ ಎಂಬ ಬಿದಿರ ಕೊಳಲಿನ ನಾದ ಎಲ್ಲವನ್ನೂ ಕ್ಯಾಸೆಟ್‌ಗೆ ತುಂಬಿಸಿಕೊಂಡು ಬಂದವರು. ಆ ಕ್ಯಾಸೆಟ್‌ಗಳೆಲ್ಲ ಈಗ ಕಂಪ್ಯೂಟರ್ ಸೇರಿವೆ. ತಂಗಿಯ ಮನೆಯಲ್ಲಿ ನಡೆಯುವುದು ಮದುವೆ ಫೋಟೋ ಸ್ಟುಡಿಯೋ. ಗಂಡ ಕ್ಯಾಮೆರಾ ಹಿಡಿಯುತ್ತಾರೆ, ಹೆಂಡತಿ ಎಡಿಟಿಂಗ್ ಮತ್ತು ಲೆಕ್ಕ ನೋಡಿಕೊಳ್ಳುತ್ತಾರೆ.

ಎರಡೂ ಮನೆಗೆ ನಾನು ಹಳೆಯ ಪರಿಚಯ. ನನ್ನದು ನೆಟ್‌ವರ್ಕ್ ಕೆಲಸ. ಹಾಗಾಗಿ ಒಂದು ಮನೆಯ ಫೈಲ್‌ಗಳ ಪ್ರತಿ ಇನ್ನೊಂದು ಮನೆಯಲ್ಲಿ ಉಳಿಯುವಂತೆ ಬ್ಯಾಕಪ್ ವ್ಯವಸ್ಥೆ ಕಟ್ಟುವ ಹೊಣೆ ನನಗೆ ಬಂತು. ಅವರ ಒಪ್ಪಿಗೆಯ ಮೇಲೆ ಇಡೀ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಎರಡು ಮನೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ.

ಶುರುವಾದದ್ದು ಹೇಗೆ

ಒಂದು ಬೆಳಗ್ಗೆ ಸ್ಟುಡಿಯೋ ಕಂಪ್ಯೂಟರ್ ತೆರೆದರೆ ಪ್ರತಿ ಫೈಲಿನ ಹೆಸರಿನ ಕೊನೆಗೂ ಅರ್ಥವಿಲ್ಲದ ಅಕ್ಷರಗಳು ಅಂಟಿಕೊಂಡಿದ್ದವು. ಒಂದು ಫೋಟೋ ತೆರೆಯಲೂ ಬರುತ್ತಿರಲಿಲ್ಲ. ಜೊತೆಗೆ ದುಡ್ಡು ಕೇಳುವ ಒಂದು ಚೀಟಿ. ಬಿಲ್ ಎಂದು ಬಂದಿದ್ದ ಮೇಲ್ ಅಟ್ಯಾಚ್‌ಮೆಂಟ್ ಒಂದನ್ನು ಹಿಂದಿನ ದಿನ ತೆರೆದಿದ್ದರು. ಅದು ರಾನ್ಸಮ್‌ವೇರ್, ಫೈಲ್‌ಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುವ ಪ್ರೋಗ್ರಾಮ್.

ಬ್ಯಾಕಪ್ ಇರಲಿಲ್ಲವೇ? ಇತ್ತು. ದೊಡ್ಡದೊಂದು ಹಾರ್ಡ್ ಡಿಸ್ಕ್, ಪ್ರತಿ ರಾತ್ರಿ ತಾನಾಗಿ ಕಾಪಿ. ಆದರೆ ಅದು ಅದೇ ಕಂಪ್ಯೂಟರಿಗೆ ಸದಾ ಸಿಕ್ಕಿಸಿಯೇ ಇತ್ತು. ಕಂಪ್ಯೂಟರಿಗೆ ಕಾಣುವ ಡಿಸ್ಕ್ ಆ ದುಷ್ಟ ಪ್ರೋಗ್ರಾಮಿಗೂ ಕಾಣುತ್ತದೆ, ಅಲ್ವಾ? ಎರಡೂ ಒಟ್ಟಿಗೆ ಹೋದವು. ದುಡ್ಡು ಕೊಡಲಿಲ್ಲ. ಕೊಟ್ಟರೂ ಬೀಗದ ಕೈ ಸಿಗುತ್ತದೆಂಬ ಭರವಸೆ ಯಾರಿಗೂ ಇಲ್ಲ. ಕ್ಯಾಮೆರಾ ಕಾರ್ಡ್‌ಗಳಲ್ಲಿ ಇನ್ನೂ ಅಳಿಸದೆ ಉಳಿದಿದ್ದವು, ಗಿರಾಕಿಗಳಿಗೆ ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದವು ಅಷ್ಟೇ ಮರಳಿ ಸಿಕ್ಕವು. ಆಲ್ಬಂ ಮುಗಿಯದ ಕೆಲವು ಮದುವೆಗಳು ಪೂರ್ತಿ ಹೋದವು. ಆ ಮನೆಗಳಿಗೆ ಫೋನ್ ಮಾಡಿ ಹೇಳುವುದು ಎಂಥ ಸಂಕಟ ಎಂದು ಆ ದಂಪತಿಯ ಮುಖ ನೋಡಿದವರಿಗೆ ಗೊತ್ತು.

ಸುದ್ದಿ ತಿಳಿದು ದುರ್ಗದ ಮೇಷ್ಟ್ರು ತಮ್ಮ ಡಿಸ್ಕ್ ನೋಡಿಕೊಂಡರು. ಅವರದ್ದು ಒಂದೇ ಡಿಸ್ಕ್. ಹಾಡಿದವರಲ್ಲಿ ಎಷ್ಟೋ ಜನ ಈಗಿಲ್ಲ. ಮೂಲ ಕ್ಯಾಸೆಟ್‌ಗಳಲ್ಲಿ ಕೆಲವು ಬೂಷ್ಟು ಹಿಡಿದು ಸುತ್ತುವುದನ್ನೇ ನಿಲ್ಲಿಸಿವೆ. ಮದುವೆ ಫೋಟೋ ಹೋದರೆ ದುಃಖ, ನಷ್ಟ ಎರಡೂ ಆಗುತ್ತವೆ. ಜುಂಜಪ್ಪನ ಕಥೆಯ ಒಂದು ಪಾಠ, ಅಂದರೆ ಒಬ್ಬರು ಹಾಡಿದ ರೂಪ, ಹೋದರೆ ಅದನ್ನು ಮತ್ತೆ ಹಾಡಿಸಲು ಯಾರನ್ನು ಕರೆಯುವುದು?

ಎಷ್ಟು ಸರಕು, ಎಷ್ಟು ದಾರಿ

ಮೊದಲು ಮಾಡಿದ ಕೆಲಸ ಲೆಕ್ಕ. ಇದನ್ನು ಬಿಟ್ಟು ನೇರವಾಗಿ ಸಾಫ್ಟ್‌ವೇರ್ ಹುಡುಕುವವರೇ ಜಾಸ್ತಿ. ಆಮೇಲೆ ಎಲ್ಲವೂ ಅರ್ಧಕ್ಕೆ ನಿಲ್ಲುತ್ತದೆ.

ಮೇಷ್ಟ್ರ ರೆಕಾರ್ಡಿಂಗ್‌ಗಳು ಸುಮಾರು 350 ಗಂಟೆ. ಅವನ್ನು 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇಟ್ಟಿದ್ದಾರೆ. ಧ್ವನಿ ಭಂಡಾರಗಳು ಕನಿಷ್ಠ ಎಂದು ಪಾಲಿಸುವ ಮಟ್ಟ ಅದು. ಈ ಮಟ್ಟದಲ್ಲಿ ಸ್ಟೀರಿಯೋ ಒಂದು ಗಂಟೆಗೆ 1 ಜಿಬಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಅಲ್ಲಿಗೆ ಸುಮಾರು 360 ಜಿಬಿ. ವೀರಗಲ್ಲು, ಶಾಸನಗಳ ಫೋಟೋ ಸ್ವಲ್ಪ, ಹಾಡುಗಳ ಬರಹ ರೂಪ ಇನ್ನೂ ಸ್ವಲ್ಪ.

ಸ್ಟುಡಿಯೋದಲ್ಲಿ ಮತ್ತೆ ಕೂಡಿಬಂದ ಫೋಟೋ, ಹೊಸ ಕೆಲಸ ಎಲ್ಲ ಸೇರಿ 2 ಟಿಬಿ. ವಿಡಿಯೋ ಬೇರೆ.

ದಾವಣಗೆರೆ ಮನೆಯ ಫೈಬರ್ ಸಾಲಿನಲ್ಲಿ ಅಪ್‌ಲೋಡ್ ಅಳೆದಾಗ ಸಿಕ್ಕಿದ್ದು 40 ಎಂಬಿಪಿಎಸ್. ಇಲ್ಲಿ ಬಹಳ ಜನ ಎಡವುತ್ತಾರೆ. ನೆಟ್ ಕಂಪನಿಗಳು ಹೇಳುವುದು ಮೆಗಾಬಿಟ್, ಫೈಲ್ ಅಳೆಯುವುದು ಮೆಗಾಬೈಟ್. 8ರಿಂದ ಭಾಗಿಸಬೇಕು. 40 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 5 ಎಂಬಿ. ಆ ವೇಗದಲ್ಲಿ 2 ಟಿಬಿ ಕಳಿಸಲು 4 ಲಕ್ಷ ಸೆಕೆಂಡ್ ಬೇಕು, ಹಗಲು ರಾತ್ರಿ ನಿಲ್ಲದೆ ನಾಲ್ಕೂವರೆ ದಿನಕ್ಕಿಂತ ಜಾಸ್ತಿ. ರಾತ್ರಿ 7 ಗಂಟೆ ಮಾತ್ರ ಬಳಸಿದರೆ 16 ರಾತ್ರಿ. ಜೊತೆಗೆ ಅನೇಕ ಮನೆ ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿ ಎಂಬ ಮಿತಿ ಇರುತ್ತದೆ. ಕಳಿಸಿದ್ದೂ ಆ ಲೆಕ್ಕಕ್ಕೇ ಬರುತ್ತದೆ.

ಹಾಗಾಗಿ ಮೊದಲ ಪ್ರತಿ ಬಸ್ಸಿನಲ್ಲೇ ಹೋಗಲಿ ಎಂದು ತೀರ್ಮಾನವಾಯಿತು. ತಂಗಿಯ ಮನೆಯಲ್ಲೇ ಹೊಸ ಡಿಸ್ಕ್‌ಗೆ ಪೂರ್ತಿ ಬ್ಯಾಕಪ್ ತೆಗೆದು, ಆ ಡಿಸ್ಕನ್ನು ದುರ್ಗಕ್ಕೆ ಒಯ್ಯುವುದು. ದುರ್ಗದಿಂದಲೂ ಹಾಗೇ ಒಂದು ಡಿಸ್ಕ್ ದಾವಣಗೆರೆಗೆ. ಆಮೇಲೆ ನೆಟ್ ಮೇಲೆ ಹೋಗುವುದು ದಿನದ ಹೊಸ ಫೈಲ್‌ಗಳು ಮಾತ್ರ. ಒಂದು ಮದುವೆಯಲ್ಲಿ 3000 ಫೋಟೋ, ಒಂದೊಂದು ರಾ (ಕ್ಯಾಮೆರಾದ ಕಚ್ಚಾ) ಫೈಲ್ 30 ಎಂಬಿ ಎಂದರೆ 90 ಜಿಬಿ. ಅದಕ್ಕೆ 5 ಗಂಟೆ. ಒಂದು ರಾತ್ರಿಗೆ ಸಲೀಸು.

ವಿಡಿಯೋ ಮಾತ್ರ ಈ ಲೆಕ್ಕಕ್ಕೆ ಬಗ್ಗಲಿಲ್ಲ. 100 ಎಂಬಿಪಿಎಸ್‌ನಲ್ಲಿ ತೆಗೆದ 4ಕೆ ವಿಡಿಯೋ ಗಂಟೆಗೆ 45 ಜಿಬಿ ನುಂಗುತ್ತದೆ. ಎರಡು ಕ್ಯಾಮೆರಾ, 5 ಗಂಟೆಯ ಮುಹೂರ್ತ ಅಂದರೆ 450 ಜಿಬಿ. ಕಳಿಸಲು 25 ಗಂಟೆ. ಲಗ್ನದ ಸುಗ್ಗಿಯಲ್ಲಿ ವಾರಕ್ಕೆ ಮೂರು ನಾಲ್ಕು ಮದುವೆ ಬಂದರೆ ಸಾಲು ಮುಗಿಯುವುದೇ ಇಲ್ಲ. ಕಚ್ಚಾ ವಿಡಿಯೋವನ್ನು ಈ ವ್ಯವಸ್ಥೆಯಿಂದ ಹೊರಗಿಟ್ಟೆವು. ಅದಕ್ಕೆ ಎರಡು ಬಿಡಿ ಡಿಸ್ಕ್‌ಗಳು. ಒಂದು ಸ್ಟುಡಿಯೋದಲ್ಲಿ, ಇನ್ನೊಂದು ಕೇಬಲ್ ಕಳಚಿ ಬೇರೆ ಕಡೆ. ಎಡಿಟ್ ಮುಗಿದ ವಿಡಿಯೋ ಮಾತ್ರ ನೆಟ್ ಮೇಲೆ ಹೋಗುತ್ತದೆ. ಎಲ್ಲವನ್ನೂ ಕಳಿಸುತ್ತೇವೆಂದು ಹೊರಟು ಫೋಟೋವನ್ನೂ ತಡಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಕ್ಲೌಡ್ ಯಾಕೆ ಬೇಡ ಎಂದು ತಂಗಿಯೇ ಕೇಳಿದರು. ಸರಿಯಾದ ಪ್ರಶ್ನೆ. ಹತ್ತು ಹದಿನೈದು ಜಿಬಿ ದಾಖಲೆ ಇರುವ ಮನೆಗೆ ನಾನು ಕ್ಲೌಡ್ ಅನ್ನೇ ಹೇಳುತ್ತೇನೆ. ಗೂಗಲ್ ಖಾತೆಯಲ್ಲಿ 15 ಜಿಬಿ ಉಚಿತವಾಗಿಯೇ ಸಿಗುತ್ತದೆ. ಟಿಬಿಗಟ್ಟಲೆ ಇದ್ದು ಪ್ರತಿ ವರ್ಷ ಬೆಳೆಯುವ ಸರಕಿಗೆ ತಿಂಗಳ ಬಾಡಿಗೆ ನಿಲ್ಲುವುದೇ ಇಲ್ಲ. ಇವರಿಗೆ ಎರಡು ಊರಲ್ಲಿ ಎರಡು ಮನೆ, ಎರಡು ಕಡೆ ಫೈಬರ್, ಪರಸ್ಪರ ನಂಬಿಕೆ ಮೊದಲೇ ಇತ್ತು. ಅದನ್ನು ಬಳಸಿಕೊಳ್ಳುವುದು ಸಹಜ.

ಒಂದು ಮನೆ ಇನ್ನೊಂದನ್ನು ಹುಡುಕುವುದು

ಎರಡೂ ಮನೆಯಲ್ಲಿ ಒಂದೊಂದು ರಾಸ್ಪ್‌ಬೆರಿ ಪೈ 4 ಇಟ್ಟೆವು. ಅಂಗೈಯಷ್ಟು ಅಗಲದ ಕಂಪ್ಯೂಟರ್. ಅದಕ್ಕೆ ಒಂದು 5 ಟಿಬಿ ಪೋರ್ಟಬಲ್ ಡಿಸ್ಕ್. ಹಗಲಿರುಳು ಓಡಿದರೂ ಕರೆಂಟ್ ಬಿಲ್ಲಿನಲ್ಲಿ ಕಾಣುವಷ್ಟು ವ್ಯತ್ಯಾಸ ಬರುವುದಿಲ್ಲ.

ತೊಡಕು ಎದುರಾದದ್ದು ನೆಟ್ ಕಂಪನಿ ಮನೆಗೆ ಕೊಡುವ ಐಪಿ ವಿಳಾಸದಲ್ಲಿ. ರೂಟರ್ ಪುಟ ತೆರೆದು ನೋಡಿದರೆ ದುರ್ಗದ ಮನೆಗೆ ಸಿಕ್ಕಿದ್ದ ವಿಳಾಸ 100.70ರಿಂದ ಶುರುವಾಗಿತ್ತು. ಹೊರಗಿನ ಜಗತ್ತಿಗೆ ಕಾಣುತ್ತಿದ್ದದ್ದು ಬೇರೆಯೇ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಹಳೆಯ ಐಪಿವಿ4 ವಿಳಾಸಗಳ ಜಾಗತಿಕ ಸಂಗ್ರಹ 2011ರಲ್ಲೇ ಖಾಲಿಯಾಯಿತು. ಆಮೇಲೆ ಒಂದೇ ವಿಳಾಸವನ್ನು ನೂರಾರು ಮನೆಗೆ ಹಂಚುವುದು ರೂಢಿಯಾಯಿತು. ಅದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಎತ್ತಿಟ್ಟರು. ದೊಡ್ಡ ವಠಾರಕ್ಕೆ ಒಂದೇ ಬಾಗಿಲ ನಂಬರ್ ಇದ್ದ ಹಾಗೆ: ಒಳಗಿನವರು ಹೊರಗೆ ಹೋಗಬಹುದು, ಹೊರಗಿನಿಂದ ಬಂದ ಕಾಗದ ಯಾವ ಮನೆಗೆಂದು ಬಾಗಿಲಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಹೀಗಿದ್ದಾಗ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ, ಅಂದರೆ ಹೊರಗಿನಿಂದ ಬಂದದ್ದನ್ನು ಒಳಗಿನ ಯಂತ್ರಕ್ಕೆ ದಾಟಿಸಲು ಹೇಳಿದರೂ, ಏನೂ ಬರುವುದಿಲ್ಲ. ಎಷ್ಟೋ ಜನ ಇದು ಗೊತ್ತಿಲ್ಲದೆ ವಾರಗಟ್ಟಲೆ ರೂಟರ್ ಜೊತೆ ಗುದ್ದಾಡುತ್ತಾರೆ. ಮೊದಲು ಆ ವಿಳಾಸ ನೋಡಿ.

ಪರಿಹಾರಕ್ಕೆ ಟೇಲ್‌ಸ್ಕೇಲ್ ಬಳಸಿದೆವು, ದೂರದ ಯಂತ್ರಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ಸೇವೆ ಅದು. ಅದರ ಒಳಗಿರುವುದು ವೈರ್‌ಗಾರ್ಡ್, 2020ರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ 5.6ಕ್ಕೆ ಸೇರಿದ ಪುಟ್ಟ, ಚೊಕ್ಕ ವಿಪಿಎನ್ (ನೆಟ್ ಮೇಲಿನ ಬೀಗ ಹಾಕಿದ ಖಾಸಗಿ ದಾರಿ). ಎರಡೂ ಕಡೆಯ ಯಂತ್ರಗಳು ಒಳಗಿನಿಂದ ಹೊರಕ್ಕೆ ಪ್ಯಾಕೆಟ್ ಕಳಿಸಿ ನಡುದಾರಿಯಲ್ಲಿ ಒಂದನ್ನೊಂದು ಹಿಡಿಯುತ್ತವೆ. ಹಾಗೆ ಸಿಗದಿದ್ದರೆ ಮಾತ್ರ ಟೇಲ್‌ಸ್ಕೇಲ್‌ನ ರಿಲೇ ಸರ್ವರ್ ಮೂಲಕ ಸುತ್ತಿ ಬರುತ್ತವೆ. ರಿಲೇ ಅಂದರೆ ನಿಧಾನ. ಶುರುವಿನಲ್ಲಿ ನಮ್ಮದು ರಿಲೇ ಮೂಲಕವೇ ಹೋಗುತ್ತಿತ್ತು. ಟೇಲ್‌ಸ್ಕೇಲ್ ಪಿಂಗ್ ಕೊಟ್ಟು ನೋಡಿದರೆ ನೇರವೋ ರಿಲೇಯೋ ಎಂದು ಅದೇ ಹೇಳುತ್ತದೆ. ಎರಡೂ ರೂಟರ್‌ಗಳಲ್ಲಿ ಆಫ್ ಆಗಿದ್ದ, ಹೀಗೆ ಹಂಚಿಕೊಳ್ಳಬೇಕಿಲ್ಲದ ಹೊಸ ಬಗೆಯ ವಿಳಾಸವಾದ ಐಪಿವಿ6 ಅನ್ನು ಆನ್ ಮಾಡಿದ ಮೇಲೆ ನೇರ ದಾರಿ ತೆರೆಯಿತು, ಪೂರ್ತಿ ವೇಗ ಸಿಕ್ಕಿತು.

ಸಿಂಕ್ ಬೇಡ ಎಂದದ್ದು ಯಾಕೆ

ಸ್ಟುಡಿಯೋದವರ ಗೆಳೆಯರೊಬ್ಬರು ಸುಮ್ನೆ ಫೋಲ್ಡರ್ ಸಿಂಕ್ ಮಾಡಿಬಿಡಿ ಎಂದರು. ಸಿಂಕ್ ನಿಷ್ಠೆಯಿಂದ ಕೆಲಸ ಮಾಡುತ್ತದೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತದೆ. ಇಲ್ಲಿ ಫೈಲ್ ಕೆಟ್ಟರೆ ಕೆಟ್ಟದ್ದನ್ನೇ ಅಲ್ಲಿಗೂ ಒಯ್ಯುತ್ತದೆ. ಆ ಕೆಟ್ಟ ಬೆಳಗ್ಗೆ ಸಿಂಕ್ ಇದ್ದಿದ್ದರೆ ದುರ್ಗದಲ್ಲೂ ಅದೇ ಹಾಳು ಫೈಲ್‌ಗಳು ಇರುತ್ತಿದ್ದವು. ದೂರದ ಪ್ರತಿಗೆ ನಿನ್ನೆ, ಮೊನ್ನೆ, ಕಳೆದ ತಿಂಗಳು ಹೇಗಿತ್ತು ಎಂಬುದೂ ಗೊತ್ತಿರಬೇಕು.

ಆರ್‌ಸಿಂಕ್ ಬಗ್ಗೆಯೂ ಯೋಚಿಸಿದೆ. ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಕೊಟ್ಟ ಸಾಧನ. ಫೈಲಿನಲ್ಲಿ ಬದಲಾದ ತುಂಡು ಮಾತ್ರ ಕಳಿಸುವ ಅದರ ಜಾಣತನಕ್ಕೆ ಇವತ್ತಿಗೂ ಗೌರವ ಇದೆ. ಆದರೆ ಈ ಸ್ಟುಡಿಯೋದ ಒಂದು ಅಭ್ಯಾಸ ಅದಕ್ಕೆ ಹೊಂದುವುದಿಲ್ಲ. ಆಲ್ಬಂ ಮುಗಿದ ಕೂಡಲೇ ಇಡೀ ಮದುವೆಯ ಫೋಲ್ಡರ್ ಅನ್ನು ‘ನಡೆಯುತ್ತಿದೆ’ಯಿಂದ ‘ಮುಗಿದಿದೆ’ಗೆ ಸರಿಸುತ್ತಾರೆ. ಆರ್‌ಸಿಂಕ್ ಹೆಸರು ಮತ್ತು ಜಾಗ ನೋಡಿ ಗುರುತಿಸುತ್ತದೆ. ಜಾಗ ಬದಲಾದರೆ ಅದಕ್ಕೆ ಅದು ಹೊಸ ಸರಕು. ಅದೇ 90 ಜಿಬಿ ಮತ್ತೊಮ್ಮೆ ಹೆದ್ದಾರಿ ಹಿಡಿಯುತ್ತದೆ.

ರೆಸ್ಟಿಕ್ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಆರಿಸಿದ್ದು ಇದೇ ಕಾರಣಕ್ಕೆ. ಅದು ಫೈಲನ್ನು ಸರಾಸರಿ 1 ಎಂಬಿಯ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಒಳಗಿರುವುದನ್ನು ನೋಡಿ ಗುರುತು ಹಾಕುತ್ತದೆ. ಫೋಲ್ಡರ್ ಎಲ್ಲಿಗೆ ಹೋದರೂ ತುಂಡುಗಳು ಅವೇ. ಹಾಗಾಗಿ ಮತ್ತೆ ಕಳಿಸುವುದಿಲ್ಲ. ಪ್ರತಿ ರಾತ್ರಿಯದೂ ಒಂದು ಸ್ನ್ಯಾಪ್‌ಶಾಟ್, ಹಳೆಯ ಯಾವ ದಿನಕ್ಕೆ ಬೇಕಾದರೂ ಹೋಗಬಹುದು. ಮನೆ ಬಿಡುವ ಮೊದಲೇ ಎಲ್ಲಕ್ಕೂ ಗೂಢಲಿಪಿಯ ಬೀಗ ಬೀಳುತ್ತದೆ. ಗಿರಾಕಿಗಳ ಮದುವೆ ಫೋಟೋ ಬೇರೆಯವರ ಮನೆಯಲ್ಲಿ ಕೂರುವಾಗ ಇದು ಬೇಕೇ ಬೇಕು. ಅಣ್ಣನ ಮನೆಯಾದರೂ ಸರಿ.

ನಾನು ತುಂಬ ಬೆಲೆ ಕೊಡುವ ಭಾಗ ಇನ್ನೊಂದಿದೆ. ಆ ಕಡೆಯ ಪೈನಲ್ಲಿ ರೆಸ್ಟ್ ಸರ್ವರ್ ಎಂಬ ಚಿಕ್ಕ ಪ್ರೋಗ್ರಾಮನ್ನು ‘ಸೇರಿಸಲು ಮಾತ್ರ’ ಎಂಬ ಕಟ್ಟಳೆಯಲ್ಲಿ ಓಡಿಸುತ್ತೇವೆ. ಸ್ಟುಡಿಯೋ ಕಂಪ್ಯೂಟರ್ ಹೊಸ ಬ್ಯಾಕಪ್ ಸೇರಿಸಬಹುದು, ಹಳೆಯದನ್ನು ಅಳಿಸುವಂತಿಲ್ಲ. ನಾಳೆ ಮತ್ತೆ ರಾನ್ಸಮ್‌ವೇರ್ ಬಂದು ಸ್ಟುಡಿಯೋದ ಎಲ್ಲ ಪಾಸ್‌ವರ್ಡ್ ಕದ್ದರೂ ದುರ್ಗದಲ್ಲಿರುವ ಹಳೆಯ ಪ್ರತಿಗೆ ಏನೂ ಆಗುವುದಿಲ್ಲ. ಡಿಸ್ಕ್ ತುಂಬುತ್ತಾ ಬಂದಾಗ ಹಳೆಯದನ್ನು ತೆಗೆಯುವ ಕೆಲಸ ದುರ್ಗದ ಪೈ ಮುಂದೆ ಕೂತು, ಪಟ್ಟಿ ನೋಡಿಕೊಂಡು, ಕೈಯಾರೆ ಮಾಡಬೇಕು. ಸ್ವಲ್ಪ ತೊಂದರೆಯೇ. ಆ ತೊಂದರೆ ಇರಲಿ ಎಂದೇ ಬಿಟ್ಟೆವು.

ಕರೆಂಟ್

ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಎರಡೂ ಊರಿಗೆ ಹೊಸದಲ್ಲ. ಎರಡೂ ಮನೆಯಲ್ಲಿ ಇನ್ವರ್ಟರ್ ಇತ್ತು, ಆದರೆ ಅದರ ಸಾಲು ಲೈಟು ಫ್ಯಾನಿಗಷ್ಟೇ. ಫೈಬರ್ ಡಬ್ಬಿ, ರೂಟರ್, ಪೈ ಮೂರಕ್ಕೂ ಆ ಸಾಲಿನಿಂದ ಒಂದು ಪ್ಲಗ್ ತೆಗೆಸಿದೆವು. ನಡುವೆ ನಿಂತರೂ ರೆಸ್ಟಿಕ್ ಈಗಾಗಲೇ ಕಳಿಸಿದ ತುಂಡುಗಳನ್ನು ಮತ್ತೆ ಬಳಸಿಕೊಳ್ಳುತ್ತದೆ, ಮೊದಲಿನಿಂದ ಶುರು ಮಾಡಬೇಕಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಕರೆಂಟ್ ಬಂದಾಗ ಪೈ ಎದ್ದು, ಡಿಸ್ಕ್ ಮೌಂಟ್ ಆಗದೆ (ಪೈಗೆ ಕಾಣದೆ) ಉಳಿದರೆ, ಬ್ಯಾಕಪ್ ಪೈ ಒಳಗಿನ ಸಣ್ಣ ಮೆಮರಿ ಕಾರ್ಡಿಗೆ ಬರೆಯಲು ಹೊರಡುತ್ತದೆ. ಅದು ತುಂಬಿ ಎಲ್ಲ ನಿಲ್ಲುತ್ತದೆ. ಹಾಗಾಗಿ ಡಿಸ್ಕ್ ಕಂಡರೆ ಮಾತ್ರ ಸರ್ವರ್ ಶುರುವಾಗಲಿ ಎಂದು ಕಟ್ಟಿದ್ದೇವೆ.

ರಾತ್ರಿಯ ಕೆಲಸ ಮುಗಿದ ಮೇಲೆ ಎರಡೂ ಮನೆಯ ಹೊರಗಿರುವ ಒಂದು ಸೇವೆಗೆ ‘ಮುಗಿಯಿತು’ ಎಂಬ ಸಂದೇಶ ಹೋಗುತ್ತದೆ. ಎರಡು ದಿನ ಸಂದೇಶ ಬರದಿದ್ದರೆ ಆ ಸೇವೆಯೇ ನಮಗೆ ಮೇಲ್ ಮಾಡುತ್ತದೆ. ಮಲಗಿದ ಯಂತ್ರ ತಾನು ಮಲಗಿದ್ದೇನೆಂದು ಹೇಳಲಾರದು. ಅದಕ್ಕೇ ಈ ಏರ್ಪಾಡು.

ವಾಪಸ್ ತರುವ ದಾರಿ

ಇಲ್ಲಿಗೆ ಬ್ಯಾಕಪ್ ಮುಗಿಯಿತು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ನನ್ನ ಪ್ರಕಾರ ನಿಜವಾದ ಕೆಲಸ ಇಲ್ಲಿಂದಲೇ ಶುರು. ಕಳಿಸುವುದನ್ನು ಯಂತ್ರ ಮಾಡುತ್ತದೆ. ವಾಪಸ್ ತರುವುದನ್ನು ಮನುಷ್ಯರು ಮಾಡಬೇಕು, ಅದೂ ಮನೆಯಲ್ಲಿ ಏನೋ ಕೆಡುಕಾದ ದಿನ, ಕೈ ನಡುಗುವ ಹೊತ್ತಿನಲ್ಲಿ. ಆಗ ನಾನು ಊರಲ್ಲಿ ಇಲ್ಲದಿರಬಹುದು.

ಹಾಗಾಗಿ ಒಂದು ಪರೀಕ್ಷೆ ಇಟ್ಟೆವು. ಮೇಷ್ಟ್ರು ಯಾವುದೋ ಮದುವೆಗೆಂದು ದಾವಣಗೆರೆಗೆ ಬಂದಿದ್ದರು. ದುರ್ಗದ ಮನೆ, ಅಲ್ಲಿನ ಕಂಪ್ಯೂಟರ್ ಎರಡೂ ಇಲ್ಲ ಎಂದುಕೊಳ್ಳಿ, ತಂಗಿಯ ಮನೆಯ ಡಿಸ್ಕಿನಿಂದ ನಿಮ್ಮ ಒಂದು ಹಾಡು ಮತ್ತು ಅದರ ಬರಹ ತೆಗೆಯಿರಿ ಎಂದು ಹೇಳಿ, ಕನ್ನಡದಲ್ಲಿ ಬರೆದ ಎರಡು ಹಾಳೆಯ ಸೂಚನೆ ಕೈಗೆ ಕೊಟ್ಟೆ. ಮಾತಾಡಬಾರದು ಎಂದು ನನಗೆ ನಾನೇ ಹೇಳಿಕೊಂಡು ಪಕ್ಕದಲ್ಲಿ ಕೂತೆ.

ಮೊದಲ ತಡೆ ಟೇಲ್‌ಸ್ಕೇಲ್ ಲಾಗಿನ್. ಅದು ಒಪ್ಪಿಗೆ ಕೇಳಿದ್ದು ತಂಗಿಯ ಗಂಡನ ಫೋನಿನಲ್ಲಿ. ಅವರು ಹರಿಹರದಲ್ಲಿ ರಿಸೆಪ್ಷನ್ ಫೋಟೋ ತೆಗೆಯುತ್ತಿದ್ದರು. ಹಾಗಾದರೆ ನೆಟ್ ಬೇಡ, ಡಿಸ್ಕನ್ನೇ ಬಿಚ್ಚಿ ಲ್ಯಾಪ್‌ಟಾಪ್‌ಗೆ ಹಾಕೋಣ ಎಂದರು ಮೇಷ್ಟ್ರು. ಒಳ್ಳೆಯ ಯೋಚನೆ. ಆದರೆ ಪೈಗೆ ಜೋಡಿಸಿದ ಡಿಸ್ಕ್ ಲಿನಕ್ಸ್‌ನ ಎಕ್ಸ್ಟ್4 ರೂಪದಲ್ಲಿತ್ತು. ವಿಂಡೋಸ್ ಅದನ್ನು ಓದುವುದಿಲ್ಲ. ಓದುವುದಿರಲಿ, ಫಾರ್ಮ್ಯಾಟ್ ಮಾಡಲೇ, ಅಂದರೆ ಎಲ್ಲ ಅಳಿಸಲೇ, ಎಂದು ಕೇಳುತ್ತದೆ! ಗಾಬರಿಯಲ್ಲಿರುವವರು ಹೂಂ ಅಂದರೆ ಮುಗಿಯಿತು.

ಆಮೇಲೆ ವ್ಯವಸ್ಥೆ ಬದಲಾಯಿತು. ಈಗ ಎರಡೂ ಮನೆಯ ಬೀರುವಿನಲ್ಲಿ ಒಂದೊಂದು ಲಕೋಟೆ ಇದೆ. ಅದರಲ್ಲಿ ಇನ್ನೊಂದು ಮನೆಯ ರೆಸ್ಟಿಕ್ ಪಾಸ್‌ವರ್ಡ್ ಕಾಗದದ ಮೇಲಿದೆ. ರೆಸ್ಟಿಕ್‌ನಲ್ಲಿ ಪಾಸ್‌ವರ್ಡ್ ಕಳೆದರೆ ಯಾರೂ ಏನೂ ಮಾಡಲಾರರು, ಹಾಗಾಗಿ ಅದು ಕಂಪ್ಯೂಟರಿನ ಒಳಗೆ ಮಾತ್ರ ಇರಬಾರದು. ಜೊತೆಗೊಂದು ಪೆನ್‌ಡ್ರೈವ್. ಅದನ್ನು ಹಾಕಿ ಯಾವ ಲ್ಯಾಪ್‌ಟಾಪ್ ಬೂಟ್ ಮಾಡಿದರೂ ಲಿನಕ್ಸ್ ಏಳುತ್ತದೆ, ರೆಸ್ಟಿಕ್ ಅದರಲ್ಲೇ ಇದೆ. ಸೂಚನೆಯ ಹಾಳೆಯಲ್ಲಿ ‘ಫಾರ್ಮ್ಯಾಟ್ ಎಂದು ಕೇಳಿದರೆ ಬೇಡ ಎನ್ನಿ’ ಎಂಬುದು ಕೆಂಪು ಅಕ್ಷರದಲ್ಲಿ ಎಲ್ಲಕ್ಕಿಂತ ಮೇಲೆ.

ಆ ದಾರಿಯಲ್ಲಿ ಹಾಡು ಬಂತು. ಮೇಷ್ಟ್ರು ಪೂರ್ತಿ ಕೇಳಿದರು. ಬರಹದ ಫೈಲೂ ಬಂತು, ಬೈಟಿಗೆ ಬೈಟ್ ಸರಿಯಾಗಿ. ತೆರೆದರೆ ಕನ್ನಡದ ಒಂದು ಅಕ್ಷರವೂ ಇಲ್ಲ, ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ.

ಹಳೆಯ ಡಿಟಿಪಿ ಕಾಲದ ಕನ್ನಡಿಗರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಎಲ್ಲ ಕಂಪ್ಯೂಟರಿಗೂ ಕನ್ನಡಕ್ಕೆ ಒಂದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮೊದಲಿನ ನುಡಿ ಫಾಂಟ್‌ನಲ್ಲಿ ಮೇಷ್ಟ್ರು ಟೈಪ್ ಮಾಡಿಸಿದ್ದರು. ಆ ಫೈಲಿನಲ್ಲಿ ಕನ್ನಡ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತ ಇರುತ್ತದೆ, ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ದುರ್ಗದ ಕಂಪ್ಯೂಟರಿನಲ್ಲಿ ಫಾಂಟ್ ಇತ್ತು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಆ ಕಂಪ್ಯೂಟರ್ ಹೋಗಿದ್ದರೆ ಬ್ಯಾಕಪ್ ಉಳಿದೂ ಹಾಡಿನ ಸಾಲುಗಳು ಓದಲು ಸಿಗುತ್ತಿರಲಿಲ್ಲ. ಡಾಕ್ಯುಮೆಂಟ್ ಫೋಲ್ಡರ್ ಮಾತ್ರ ಬ್ಯಾಕಪ್ ಮಾಡುವ ಎಷ್ಟೋ ಕನ್ನಡ ಲೇಖಕರ, ಪ್ರಕಾಶಕರ ಮನೆಯಲ್ಲಿ ಈ ಅಪಾಯ ಇವತ್ತೂ ಇದೆ. ನನ್ನನ್ನು ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಕಾಡಿದ್ದು ಇದೇ.

ಅವತ್ತೇ ಮೂರು ಕೆಲಸ ಗೊತ್ತು ಮಾಡಿದೆವು. ಫಾಂಟ್‌ಗಳನ್ನೂ ನುಡಿ ತಂತ್ರಾಂಶವನ್ನೂ ಬ್ಯಾಕಪ್‌ಗೆ ಸೇರಿಸುವುದು. ಪ್ರತಿ ಬರಹದ ಪಿಡಿಎಫ್ ಮಾಡಿ ಪಕ್ಕದಲ್ಲೇ ಇಡುವುದು, ಅದರೊಳಗೆ ಫಾಂಟ್ ಸೇರಿಕೊಂಡೇ ಇರುತ್ತದೆ. ನಿಧಾನಕ್ಕೆ ಎಲ್ಲವನ್ನೂ ಯೂನಿಕೋಡ್‌ಗೆ ಬದಲಿಸುವುದು. ಪರಿವರ್ತಕ ಸಾಧನಗಳು ಇವೆ, ಆದರೆ ಒತ್ತಕ್ಷರ, ಅರ್ಕಾವತ್ತಿನ ಕಡೆ ಅವು ಕೆಲವೊಮ್ಮೆ ತಪ್ಪುತ್ತವೆ. ಹಟ್ಟಿಯ ಮಾತಿನ ಪದಗಳಿದ್ದರೆ ಕಣ್ಣಿಟ್ಟು ಓದಲೇಬೇಕು. ಅದನ್ನು ಮೇಷ್ಟ್ರೇ ಮಾಡುತ್ತಿದ್ದಾರೆ. ಈಗ ಬದುಕಿಲ್ಲದ ಹಾಡುಗಾರರ ಪಾಠಗಳು ಮೊದಲು, ಉಳಿದವು ಆಮೇಲೆ.

ಈಗ ಇರುವ ಸ್ಥಿತಿ

ಪೀಟರ್ ಕ್ರೋ ಎಂಬ ಅಮೆರಿಕದ ಫೋಟೋಗ್ರಾಫರ್ ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರ ಇದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಫೋಟೋಗಳಿಗೆ ಮೂರು ಪ್ರತಿ ಆಗಿದೆ: ಸ್ಟುಡಿಯೋ ಕಂಪ್ಯೂಟರ್, ಪಕ್ಕದ ಬಿಡಿ ಡಿಸ್ಕ್, ದುರ್ಗದ ಡಿಸ್ಕ್. ಎರಡು ಬಗೆಯ ಮಾಧ್ಯಮ ಆಗಿಲ್ಲ, ಎಲ್ಲವೂ ಹಾರ್ಡ್ ಡಿಸ್ಕೇ. ಹಾಡುಗಳ ವಿಷಯದಲ್ಲಿ ನನಗೆ ಇಷ್ಟು ಸಾಲದು ಅನಿಸಿತು. 360 ಜಿಬಿ ಚಿಕ್ಕ ಗಾತ್ರ. ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕ್‌ಗೆ ಹಾಕಿ, ಯಾವ ಕೇಬಲ್ಲೂ ಇಲ್ಲದೆ, ಮೂರನೆಯ ಊರಿನ ನೆಂಟರ ಮನೆಯಲ್ಲಿ ಇಟ್ಟಿದ್ದೇವೆ. ವರ್ಷಕ್ಕೊಮ್ಮೆ ಹೊರತೆಗೆದು ಓದಿ ನೋಡುವುದು.

ಪೈಗಳಲ್ಲಿ ತಿಂಗಳಿಗೊಮ್ಮೆ ರೆಸ್ಟಿಕ್ ಚೆಕ್ ಓಡುತ್ತದೆ. ಪ್ರತಿ ಸಲ ಡಿಸ್ಕಿನ ಒಂದೊಂದು ಭಾಗವನ್ನು ಪೂರ್ತಿ ಓದಿ ಸರಿ ಇದೆಯೇ ಎಂದು ತಾಳೆ ನೋಡುತ್ತದೆ. ವಾಪಸ್ ತರುವ ಪರೀಕ್ಷೆ ಯುಗಾದಿ ಮತ್ತು ದೀಪಾವಳಿಗೆ, ಹೇಗೂ ಎರಡು ಮನೆಯವರು ಸೇರುವ ಹೊತ್ತಿಗೆ. ಪ್ರತಿ ಸಲ ಬೇರೆಯವರು ಕೂರಬೇಕು. ಮುಂದಿನ ಸಲ ಲಕೋಟೆ ಒಡೆಯುವುದು ಪಿಯುಸಿ ಓದುತ್ತಿರುವ ತಂಗಿಯ ಮಗಳು. ಅವಳು ಒಂದು ಮದುವೆಯ ಪೂರ್ತಿ ಫೋಲ್ಡರ್ ಅನ್ನೂ, ಯೂನಿಕೋಡ್‌ಗೆ ಬದಲಿಸಿದ ಒಂದು ಬರಹವನ್ನೂ ತೆಗೆಯಬೇಕು. ಆ ಹೊತ್ತಿಗೆ ನಾನು ಪಕ್ಕದಲ್ಲಿ ಇರುವುದಿಲ್ಲ, ಫೋನೂ ಎತ್ತುವುದಿಲ್ಲ ಎಂದು ಮಾತಾಗಿದೆ.